ಬೆಳ್ಳಿ ನ್ಯಾನೊಕಣಗಳ ಲೇಪವಿರುವ ಗಾಯದ ಡ್ರೆಸ್ಸಿಂಗ್: ಪ್ರಯೋಗಾಲಯದಲ್ಲಿ ರೂಪಿಸಿ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಬೆಳ್ಳಿಯ ನ್ಯಾನೊಕಣಗಳನ್ನು ತಯಾರಿಸುವುದು ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ. ಆ ಕಣಗಳಿಂದ ಬೆಳ್ಳಿಯು ಬೇಕಾದ ಪ್ರಮಾಣದಲ್ಲಿ, ಬೇಕಾದಷ್ಟು ದಿನ, ಚರ್ಮದ ಜೀವಕೋಶಗಳನ್ನು ಸಾಯಿಸದಂತೆ ಗಾಯಕ್ಕೆ ಇಳಿಯುವ ಹಾಗೆ ಮಾಡುವುದು ಮಾತ್ರ ವರ್ಷಗಟ್ಟಲೆ ಹಿಡಿಯುವ ಕೆಲಸ. ಈ ಕ್ಷೇತ್ರದ ಬಹುಪಾಲು ವಿದ್ಯಾರ್ಥಿ ಪ್ರಾಜೆಕ್ಟುಗಳು ಮೊದಲನೆಯದರಲ್ಲೇ ಕಾಲ ಕಳೆದು, ಕಣಗಳ ಚಂದದ ಚಿತ್ರಗಳೊಂದಿಗೆ ನಿಂತುಬಿಡುತ್ತವೆ. ಆದ್ದರಿಂದ ಈ ಮಾರ್ಗದರ್ಶಿಯು ಕಣದಿಂದ ಆರಂಭಿಸದೆ ಗಾಯದಿಂದ ಆರಂಭಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಹೋಗುತ್ತದೆ. ಉದಾಹರಣೆಗಾಗಿ ಹತ್ತಿಯ ಗಾಜ್ ಬಟ್ಟೆ, ಅದರ ಮೇಲೆ ಕೈಟೋಸಾನ್ (ಸಿಗಡಿ, ಏಡಿಗಳ ಚಿಪ್ಪಿನಿಂದ ಪಡೆಯುವ ಪಾಲಿಮರ್) ಪದರ, ಆ ಪದರದೊಳಗೆ ಬೆಳ್ಳಿಯ ಕಣಗಳು ಎಂಬ ಸರಳ ರಚನೆಯನ್ನು ಆರಿಸಿಕೊಂಡಿದ್ದೇನೆ.

ಇದು ರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಅಥವಾ ಜವಳಿ ತಂತ್ರಜ್ಞಾನದ ಪ್ರಯೋಗಾಲಯದಲ್ಲಿ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವವರಿಗಾಗಿ ಬರೆದದ್ದು. ಇಲ್ಲಿ ಹೇಳಿದಂತೆ ತಯಾರಿಸಿದ ಬಟ್ಟೆಯನ್ನು ಯಾವುದೇ ಮನುಷ್ಯನ ಅಥವಾ ಪ್ರಾಣಿಯ ಗಾಯದ ಮೇಲೆ, ಅದು ಎಷ್ಟೇ ಸಣ್ಣ ಗಾಯವಾಗಿರಲಿ, ಇಡಬಾರದು. ಅದಕ್ಕೆ ಬೇಕಾದ ಅನುಮತಿಗಳ ವಿಷಯ ಕೊನೆಯ ಭಾಗದಲ್ಲಿದೆ.

ಹಂತ 1: ಡ್ರೆಸ್ಸಿಂಗ್ ಏನು ಮಾಡಬೇಕೆಂದು ನಿರ್ಧರಿಸುವುದು

ಸುಟ್ಟ ಗಾಯಗಳಿಗೆ ಬೆಳ್ಳಿಯ ಬಳಕೆ ಹೊಸತಲ್ಲ. 1965ರಲ್ಲಿ ಅಮೆರಿಕದ ಶಸ್ತ್ರವೈದ್ಯ ಕಾರ್ಲ್ ಮೋಯರ್ ಮತ್ತು ಸಂಗಡಿಗರು ಶೇ 0.5ರ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ನೆನೆಸಿದ ಪಟ್ಟಿಗಳನ್ನು ಬಳಕೆಗೆ ತಂದರು. 1968ರಲ್ಲಿ ಚಾರ್ಲ್ಸ್ ಫಾಕ್ಸ್ ಸಿಲ್ವರ್ ಸಲ್ಫಾಡಯಜೀನ್ ಕ್ರೀಮನ್ನು ಪರಿಚಯಿಸಿದರು. ಸಿಲ್ವರ್ ನೈಟ್ರೇಟಿನ ತೊಡಕು ಏನೆಂದರೆ, ಗಾಯದ ಸ್ರಾವದಲ್ಲಿರುವ ಕ್ಲೋರೈಡ್ ಮತ್ತು ಪ್ರೋಟೀನುಗಳು ಬೆಳ್ಳಿಯ ಅಯಾನುಗಳನ್ನು ಬೇಗನೆ ಹಿಡಿದುಕೊಳ್ಳುವುದರಿಂದ ಪಟ್ಟಿಯನ್ನು ದಿನಕ್ಕೆ ಹಲವು ಬಾರಿ ಮತ್ತೆ ನೆನೆಸುತ್ತಲೇ ಇರಬೇಕಾಗುತ್ತಿತ್ತು. 1990ರ ದಶಕದ ಕೊನೆಯಲ್ಲಿ ಕೆನಡಾದ ರಾಬರ್ಟ್ ಬರೆಲ್ ಅವರ ಕೆಲಸದಿಂದ ಬಂದ ನ್ಯಾನೊಸ್ಫಟಿಕ ಬೆಳ್ಳಿಯ ಡ್ರೆಸ್ಸಿಂಗ್ ಈ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸಿತು: ಲೋಹರೂಪದ ಬೆಳ್ಳಿಯನ್ನು ಸಂಗ್ರಹವಾಗಿ ಇಟ್ಟು, ಅದು ನಿಧಾನವಾಗಿ ಕರಗುತ್ತಾ ದಿನಗಳವರೆಗೆ ಅಯಾನುಗಳನ್ನು ಒದಗಿಸುವಂತೆ ಮಾಡಿತು. ನ್ಯಾನೊ ಗಾತ್ರದ ನಿಜವಾದ ಉಪಯೋಗ ಇರುವುದು ಇಲ್ಲಿ. ಕಣ ಸಣ್ಣದಾದಷ್ಟೂ ತೂಕಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು, ಹಾಗಾಗಿ ಕರಗುವ ವೇಗವೂ ಹೆಚ್ಚು.

ಕಣಗಳೇ ಬ್ಯಾಕ್ಟೀರಿಯಾಗಳನ್ನು ಚುಚ್ಚಿ ಕೊಲ್ಲುತ್ತವೆ ಎಂಬ ವಿವರಣೆ ಜನಪ್ರಿಯವಾಗಿದೆಯಾದರೂ ಅದನ್ನು ಎಚ್ಚರಿಕೆಯಿಂದ ಓದಬೇಕು. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ತಂಡವೊಂದು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಮ್ಲಜನಕವಿಲ್ಲದ ವಾತಾವರಣದಲ್ಲಿ ಲೋಹ ಬೆಳ್ಳಿ ಅಯಾನಾಗಿ ಕರಗದಿದ್ದಾಗ, ಕಣಗಳು ಇ. ಕೊಲಿ ಬ್ಯಾಕ್ಟೀರಿಯಾವನ್ನು ಹೆಚ್ಚುಕಡಿಮೆ ಏನೂ ಮಾಡಲಿಲ್ಲ. ಕೊಲ್ಲುವ ಕೆಲಸ ಮುಖ್ಯವಾಗಿ ಅಯಾನಿನದು. ಅದು ಬ್ಯಾಕ್ಟೀರಿಯಾದ ಪೊರೆಗೂ ಕಿಣ್ವಗಳ ಗಂಧಕಯುಕ್ತ ಗುಂಪುಗಳಿಗೂ ಅಂಟಿಕೊಂಡು ಉಸಿರಾಟದ ಸರಪಳಿಯನ್ನು ಕೆಡಿಸುತ್ತದೆ. ಹೀಗಾಗಿ ವಿನ್ಯಾಸದ ಮೂಲ ಪ್ರಶ್ನೆ, ಪ್ರತಿ ಚದರ ಸೆಂಟಿಮೀಟರಿನಿಂದ ಪ್ರತಿದಿನ ಎಷ್ಟು ಬೆಳ್ಳಿ ಹೊರಬರಬೇಕು ಎಂಬುದು.

ಕಾಗದದ ಮೇಲೆ ನಾಲ್ಕು ವಿಷಯಗಳನ್ನು ಬರೆದುಕೊಳ್ಳಿ: ಯಾವ ಬಗೆಯ ಗಾಯ, ಸ್ರಾವ ಹೆಚ್ಚೋ ಕಡಿಮೆಯೋ, ಪಟ್ಟಿಯನ್ನು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು, ಯಾವ ಬ್ಯಾಕ್ಟೀರಿಯಾ ಮುಖ್ಯ ಶತ್ರು. ಈ ಮಾರ್ಗದರ್ಶಿಗೆ ಮಧ್ಯಮ ಸ್ರಾವದ, ಮೂರು ದಿನ ಉಳಿಯಬೇಕಾದ, ಸ್ಟ್ಯಾಫಿಲೊಕಾಕಸ್ ಆರಿಯಸ್ ಮತ್ತು ಸ್ಯೂಡೊಮೊನಾಸ್ ಎರುಜಿನೋಸಾ ಎರಡನ್ನೂ ಎದುರಿಸುವ ಡ್ರೆಸ್ಸಿಂಗನ್ನು ಗುರಿಯಾಗಿ ಇಟ್ಟುಕೊಳ್ಳೋಣ.

ಹಂತ 2: ಬೆಳ್ಳಿಯ ಲೆಕ್ಕ

ಮಾರುಕಟ್ಟೆಯಲ್ಲಿರುವ ಬೆಳ್ಳಿಯ ಡ್ರೆಸ್ಸಿಂಗುಗಳಲ್ಲಿ ಚದರ ಸೆಂಟಿಮೀಟರಿಗೆ ಕೆಲವು ಹತ್ತು ಮೈಕ್ರೋಗ್ರಾಂನಿಂದ ಹಿಡಿದು 1 ಮಿಲಿಗ್ರಾಂವರೆಗೆ ಬೆಳ್ಳಿ ಇರುತ್ತದೆ. ನಾವು 50 ಮೈಕ್ರೋಗ್ರಾಂ ಎಂದು ಇಟ್ಟುಕೊಂಡು ನೋಡೋಣ. 10 ಸೆಂಟಿಮೀಟರ್ ಉದ್ದಗಲದ, ಎಂಟು ಮಡಿಕೆಯ ಗಾಜ್ ಬಟ್ಟೆಯ ಒಂದೊಂದು ಮಡಿಕೆಯ ತೂಕ ಚದರ ಮೀಟರಿಗೆ 30 ಗ್ರಾಂ ಆಗಿದ್ದರೆ, ಇಡೀ ತುಂಡು 2.4 ಗ್ರಾಂ ತೂಗುತ್ತದೆ. ಹಿಂಡಿದ ಮೇಲೆ ತನ್ನ ತೂಕದಷ್ಟೇ ದ್ರಾವಣವನ್ನು ಅದು ಉಳಿಸಿಕೊಂಡರೆ 2.4 ಮಿಲಿಲೀಟರ್ ಆಯಿತು. ಆ ತುಂಡಿಗೆ ಬೇಕಾದ ಬೆಳ್ಳಿ 5 ಮಿಲಿಗ್ರಾಂ.

ಈಗ ಪಠ್ಯಪುಸ್ತಕದ ವಿಧಾನವನ್ನು ಈ ಲೆಕ್ಕಕ್ಕೆ ಹಚ್ಚಿ ನೋಡಿ. ಹಿಮದ ತೊಟ್ಟಿಯಲ್ಲಿ ಇಟ್ಟ 30 ಮಿಲಿಲೀಟರ್, 2 ಮಿಲಿಮೋಲಾರ್ ಸೋಡಿಯಂ ಬೊರೊಹೈಡ್ರೈಡ್ ದ್ರಾವಣಕ್ಕೆ 10 ಮಿಲಿಲೀಟರ್, 1 ಮಿಲಿಮೋಲಾರ್ ಸಿಲ್ವರ್ ನೈಟ್ರೇಟನ್ನು ಹನಿಹನಿಯಾಗಿ ಸೇರಿಸಿದರೆ ತಿಳಿಹಳದಿ ಕಲಿಲ (ಕಣಗಳು ದ್ರವದಲ್ಲಿ ತೇಲುತ್ತಿರುವ ಮಿಶ್ರಣ) ಸಿಗುತ್ತದೆ; 400 ನ್ಯಾನೊಮೀಟರ್ ಸುತ್ತಮುತ್ತ ಅದರ ಬೆಳಕಿನ ಹೀರಿಕೆಯ ಶಿಖರ ಕಾಣುತ್ತದೆ. ಆದರೆ ಅದರಲ್ಲಿರುವ ಬೆಳ್ಳಿ ಲೀಟರಿಗೆ ಬರೀ 27 ಮಿಲಿಗ್ರಾಂ. 2.4 ಮಿಲಿಲೀಟರಿನಲ್ಲಿ 0.065 ಮಿಲಿಗ್ರಾಂ, ಅಂದರೆ ಚದರ ಸೆಂಟಿಮೀಟರಿಗೆ 1 ಮೈಕ್ರೋಗ್ರಾಂಗಿಂತಲೂ ಕಡಿಮೆ. ಒಮ್ಮೆ ಅದ್ದಿ ತೆಗೆದ ಬಟ್ಟೆ ಹಳದಿಯಾಗಿ ಕಾಣುತ್ತದೆಯೇ ಹೊರತು ಗುರಿಯ ಹತ್ತಿರಕ್ಕೂ ಬರುವುದಿಲ್ಲ. ಪರಿಹಾರವೆಂದರೆ, ಕಣಗಳನ್ನು ಬೇರೆ ಕಡೆ ಮಾಡಿ ಬಟ್ಟೆಗೆ ಹಚ್ಚುವ ಬದಲು ಬೆಳ್ಳಿಯ ಅಯಾನುಗಳನ್ನು ಬಟ್ಟೆಯಲ್ಲೇ ನೆಲೆಗೊಳಿಸಿ ಅಲ್ಲಿಯೇ ಅಪಕರ್ಷಿಸುವುದು, ಅಂದರೆ ಎಲೆಕ್ಟ್ರಾನ್ ಕೊಟ್ಟು ಲೋಹ ಬೆಳ್ಳಿಯಾಗಿಸುವುದು. ಅದಕ್ಕೆ ಸುಮಾರು 20 ಮಿಲಿಮೋಲಾರ್, ಅಂದರೆ ಲೀಟರಿಗೆ 3.4 ಗ್ರಾಂ ಸಿಲ್ವರ್ ನೈಟ್ರೇಟ್ ದ್ರಾವಣ ಸಾಕಾಗುತ್ತದೆ.

ಬೇವು, ತುಳಸಿ, ನುಗ್ಗೆ ಎಲೆಗಳ ರಸದಿಂದ ಬೆಳ್ಳಿಯ ಕಣಗಳನ್ನು ಮಾಡುವುದು ನಮ್ಮ ಕಾಲೇಜುಗಳಲ್ಲಿ ಬಹಳ ಪ್ರಚಲಿತ. ತರಗತಿಯ ಪ್ರಯೋಗವಾಗಿ ಅದು ಸೊಗಸಾಗಿದೆ. ಆದರೆ ಎಲೆಯ ರಸದ ಸಂಯೋಜನೆ ಋತುವಿನಿಂದ ಋತುವಿಗೆ, ಗಿಡದಿಂದ ಗಿಡಕ್ಕೆ ಬದಲಾಗುವುದರಿಂದ, ಪ್ರತಿ ಬಾರಿ ತಯಾರಾದದ್ದೂ ಒಂದೇ ಸಮನಾಗಿರಬೇಕಾದ ವೈದ್ಯಕೀಯ ಉತ್ಪನ್ನಕ್ಕೆ ಅದನ್ನು ಆಧಾರವಾಗಿ ಇಟ್ಟುಕೊಳ್ಳಲು ನಾನು ಯಾರಿಗೂ ಹೇಳುವುದಿಲ್ಲ.

ಹಂತ 3: ಬಟ್ಟೆಯನ್ನು ಸಿದ್ಧಪಡಿಸುವುದು

ಅಂಗಡಿಯ ಗಾಜ್ ಬಟ್ಟೆಯಲ್ಲಿ ಗಂಜಿ, ಮೇಣ, ಕೆಲವೊಮ್ಮೆ ಬಿಳುಪು ಹೆಚ್ಚಿಸುವ ಹೊಳಪುಕಾರಕಗಳೂ ಇರಬಹುದು. 365 ನ್ಯಾನೊಮೀಟರಿನ ಅತಿನೇರಳೆ ದೀಪದಡಿ ಬಟ್ಟೆ ನೀಲಿಯಾಗಿ ಹೊಳೆದರೆ ಅದನ್ನು ಬದಿಗಿಡಿ. ಉಳಿದದ್ದನ್ನು ಲೀಟರಿಗೆ 5 ಗ್ರಾಂ ಸೋಡಿಯಂ ಕಾರ್ಬೊನೇಟ್ ಮತ್ತು 1 ಗ್ರಾಂ ಅಯಾನುರಹಿತ ಮಾರ್ಜಕ ಹಾಕಿದ ನೀರಿನಲ್ಲಿ, ಕುದಿಯುವ ಬಿಸಿಯ ಹತ್ತಿರ ಒಂದು ಗಂಟೆ ಇಟ್ಟು, ಅಯಾನುಮುಕ್ತ ನೀರಿನಲ್ಲಿ ಹಲವು ಬಾರಿ ತೊಳೆಯಿರಿ. ನಲ್ಲಿಯ ನೀರನ್ನು ಕೊನೆಯ ತೊಳೆತಕ್ಕೆ ಬಳಸಬಾರದು, ಏಕೆಂದರೆ ಅದರಲ್ಲಿರುವ ಕ್ಲೋರೈಡ್ ಮುಂದೆ ಬೆಳ್ಳಿಯನ್ನು ಸಿಲ್ವರ್ ಕ್ಲೋರೈಡ್ ಆಗಿ ಕೆಡವುತ್ತದೆ. ಕೊನೆಯ ತೊಳೆನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಹಾಕಿದಾಗ ಬಿಳಿಮಬ್ಬು ಕಾಣಿಸಿಕೊಂಡರೆ ತೊಳೆದದ್ದು ಸಾಲದು. ಒಣಗಿದ ಬಟ್ಟೆಯ ತುಂಡನ್ನು ನೀರಿನ ಮೇಲೆ ಇಟ್ಟರೆ 10 ಸೆಕೆಂಡಿನೊಳಗೆ ಮುಳುಗಬೇಕು. ಹೀರುವ ಹತ್ತಿಗೆ ಔಷಧಕೋಶಗಳು (ಔಷಧಗಳ ಗುಣಮಟ್ಟ ನಿಗದಿಪಡಿಸುವ ಅಧಿಕೃತ ಗ್ರಂಥಗಳು) ಕೇಳುವ ಮಟ್ಟ ಇದೇ.

ಹಂತ 4: ಕೈಟೋಸಾನ್ ಪದರ

ಬರೀ ಹತ್ತಿಯ ನಾರು ಬೆಳ್ಳಿಯ ಅಯಾನುಗಳನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಕೈಟೋಸಾನಿನ ಅಮೈನೊ ಗುಂಪುಗಳು ಹಿಡಿಯುತ್ತವೆ, ಮುಂದೆ ಹುಟ್ಟುವ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗುವುದನ್ನೂ ತಡೆಯುತ್ತವೆ. ಶೇ 80ಕ್ಕಿಂತ ಹೆಚ್ಚು ಡಿಅಸಿಟೈಲೀಕರಣವಾದ (ಅಸಿಟೈಲ್ ಗುಂಪುಗಳನ್ನು ತೆಗೆದ), ವೈದ್ಯಕೀಯ ದರ್ಜೆಯ ಕೈಟೋಸಾನನ್ನು ಶೇ 1ರ ಅಸಿಟಿಕ್ ಆಮ್ಲದಲ್ಲಿ ಶೇ 1ರಷ್ಟು ಸೇರಿಸಿ, ರಾತ್ರಿಯಿಡೀ ಕಲಕಿ, ಕರಗದೆ ಉಳಿದದ್ದನ್ನು ಸೋಸಿ ತೆಗೆಯಿರಿ. ಈ ವಸ್ತು ಸಿಗಡಿ, ಏಡಿಗಳ ಚಿಪ್ಪಿನಿಂದ ಬರುವುದರಿಂದ ಉಳಿಕೆ ಪ್ರೋಟೀನ್ ಮತ್ತು ಎಂಡೊಟಾಕ್ಸಿನ್ (ಬ್ಯಾಕ್ಟೀರಿಯಾದ ಹೊರಪೊರೆಯ ವಿಷವಸ್ತು) ಪ್ರಮಾಣದ ಪ್ರಮಾಣಪತ್ರವನ್ನು ಸರಬರಾಜುದಾರರಿಂದ ಮೊದಲೇ ಕೇಳಿ ಪಡೆಯಬೇಕು.

ಪದರವು ತೊಳೆದರೆ ಹೋಗದಂತೆ ಮಾಡಲು ಅದೇ ದ್ರಾವಣಕ್ಕೆ ಶೇ 5ರಷ್ಟು ಸಿಟ್ರಿಕ್ ಆಮ್ಲವನ್ನೂ ಅದರ ಅರ್ಧದಷ್ಟು ಸೋಡಿಯಂ ಹೈಪೊಫಾಸ್ಫೈಟನ್ನೂ ಸೇರಿಸಿ, ಬಟ್ಟೆಯನ್ನು ಅದ್ದಿ, ಎರಡು ಉರುಳೆಗಳ ನಡುವೆ ಹಿಂಡಿ, 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ, ಅನಂತರ 160 ಡಿಗ್ರಿಯಲ್ಲಿ ಮೂರು ನಿಮಿಷ ಇಡಬೇಕು. ಸಿಟ್ರಿಕ್ ಆಮ್ಲವು ಹತ್ತಿಯ ಸೆಲ್ಯುಲೋಸಿಗೂ ಕೈಟೋಸಾನಿಗೂ ಸೇತುವೆಯಾಗುತ್ತದೆ. ಬಿಸಿ ಹೆಚ್ಚಾದರೆ ಬಟ್ಟೆ ಹಳದಿಯಾಗಿ, ನೂಲಿನ ಬಲ ಕುಗ್ಗುತ್ತದೆ. ಹೀಗಾಗಿ ಈ ಹಂತಕ್ಕೆ ಮೊದಲೂ ಆಮೇಲೂ ಬಟ್ಟೆಯನ್ನು ಹರಿಯಲು ಬೇಕಾಗುವ ಬಲವನ್ನು ಅಳೆದು ಬರೆದಿಡಿ. ಕೊನೆಯಲ್ಲಿ ತೆಳುವಾದ ಸೋಡಿಯಂ ಬೈಕಾರ್ಬೊನೇಟಿನಿಂದ ಆಮ್ಲವನ್ನು ತಟಸ್ಥಗೊಳಿಸಿ, ಅಯಾನುಮುಕ್ತ ನೀರಿನಿಂದ ತೊಳೆದು ಒಣಗಿಸಿ. ಮಿಕ್ಕುಳಿದ ಆಮ್ಲವು ಮುಂದಿನ ಹಂತದ ಬೊರೊಹೈಡ್ರೈಡನ್ನು ವ್ಯರ್ಥಮಾಡಿ ಹೈಡ್ರೋಜನ್ ಅನಿಲವನ್ನು ಬಿಡಿಸುತ್ತದೆ.

ಹಂತ 5: ಬೆಳ್ಳಿಯನ್ನು ತುಂಬಿ ಅಪಕರ್ಷಿಸುವುದು

ಮಂದ ಬೆಳಕಿನಲ್ಲಿ, ನೈಟ್ರೈಲ್ ಕೈಗವಸು ಮತ್ತು ಕನ್ನಡಕ ತೊಟ್ಟು ಕೆಲಸ ಮಾಡಿ. ಸಿಲ್ವರ್ ನೈಟ್ರೇಟ್ ಚರ್ಮವನ್ನು ಕಪ್ಪಾಗಿಸುವುದಷ್ಟೇ ಅಲ್ಲ, ಸುಡುತ್ತದೆ ಕೂಡ. ಬಟ್ಟೆಯನ್ನು 20 ಮಿಲಿಮೋಲಾರ್ ದ್ರಾವಣದಲ್ಲಿ ಒಂದು ಗಂಟೆ ನೆನೆಸಿ, ಉರುಳೆಗಳ ನಡುವೆ ಹಿಂಡಿ ತೂಗಿ. ಹೀರಿಕೊಂಡ ದ್ರಾವಣದ ತೂಕವನ್ನು ಪ್ರತಿ ತುಂಡಿಗೂ ಬರೆದುಕೊಳ್ಳುವುದು ಬೇಸರದ ಕೆಲಸವೆನ್ನಿಸಿದರೂ, ಆಮೇಲೆ ತುಂಡುಗಳ ನಡುವೆ ಕಾಣುವ ಏರುಪೇರಿಗೆ ಕಾರಣ ಸಿಗುವುದು ಆ ಪಟ್ಟಿಯಲ್ಲೇ. ಬಟ್ಟೆಯನ್ನು ಅರೆ ಒಣಗಿಸಿ, ಹೊಸದಾಗಿ ತಯಾರಿಸಿದ, ತಣ್ಣಗಿನ 10 ಮಿಲಿಮೋಲಾರ್ ಸೋಡಿಯಂ ಬೊರೊಹೈಡ್ರೈಡ್ ದ್ರಾವಣಕ್ಕೆ ಹಾಕಿ. ಒಂದು ತುಂಡಿಗೆ 50 ಮಿಲಿಲೀಟರ್ ಇದ್ದರೆ ಬೆಳ್ಳಿಯ ಹತ್ತುಪಟ್ಟು ಅಪಕರ್ಷಕ ಇದ್ದಂತಾಗುತ್ತದೆ. ಬಟ್ಟೆ ಕ್ಷಣದಲ್ಲಿ ಕಂದುಹಳದಿಗೆ ತಿರುಗುತ್ತದೆ. ಅನಿಲವನ್ನು ಹೊರಗೆ ಎಳೆಯುವ ಗಾಳಿಗೂಡಿನೊಳಗೇ (ಫ್ಯೂಮ್ ಹುಡ್) ಮಾಡಿ, ಪಾತ್ರೆಯ ಬಾಯಿಯನ್ನು ಬಿಗಿಯಾಗಿ ಮುಚ್ಚಬೇಡಿ.

ಸ್ವಲ್ಪ ಬೆಳ್ಳಿ ಬಟ್ಟೆಯಿಂದ ಬಿಟ್ಟು ದ್ರಾವಣದಲ್ಲೇ ಅಪಕರ್ಷಣಗೊಂಡು ದ್ರಾವಣ ಕಪ್ಪಾಗುವುದು ನಿರೀಕ್ಷಿತ. ಬಹಳ ಕಪ್ಪಾದರೆ ಕೈಟೋಸಾನ್ ಪದರ ತೆಳುವಾಗಿದೆ ಎಂದೋ, ಬಟ್ಟೆ ತೀರಾ ಒದ್ದೆಯಾಗಿತ್ತು ಎಂದೋ ತಿಳಿಯಬೇಕು. ಬೊರೊಹೈಡ್ರೈಡ್ ಬೇಡವೆನಿಸಿದರೆ ಆಸ್ಕೋರ್ಬಿಕ್ ಆಮ್ಲವನ್ನೋ, ಬಿಸಿಯಾದ ಟ್ರೈಸೋಡಿಯಂ ಸಿಟ್ರೇಟನ್ನೋ ಬಳಸಬಹುದು. ಕಣಗಳು ಸಾಮಾನ್ಯವಾಗಿ ಕೊಂಚ ದೊಡ್ಡದಾಗುತ್ತವೆ, ಬೆಳ್ಳಿಯ ಬಿಡುಗಡೆ ನಿಧಾನವಾಗುತ್ತದೆ, ಅದು ಕೆಲವು ವಿನ್ಯಾಸಗಳಿಗೆ ಅನುಕೂಲವೇ. ಅಮೋನಿಯಾ ಬೆರೆಸಿದ ಸಿಲ್ವರ್ ನೈಟ್ರೇಟನ್ನು ಯಾರಾದರೂ ಸೂಚಿಸಿದರೆ ಒಂದು ಮಾತು ನೆನಪಿಡಿ: ಆ ದ್ರಾವಣವನ್ನು ಇಟ್ಟುಕೊಂಡರೆ ಸ್ಫೋಟಕ ವಸ್ತುಗಳು ರೂಪುಗೊಳ್ಳುತ್ತವೆ.

ತುಂಡುಗಳನ್ನು ಅಯಾನುಮುಕ್ತ ನೀರಿನಲ್ಲಿ ತೊಳೆದು, ಕತ್ತಲೆಯಲ್ಲಿ 40 ಡಿಗ್ರಿಯಲ್ಲಿ ಒಣಗಿಸಿ. ಬೆಳ್ಳಿಯಿರುವ ಎಲ್ಲ ತೊಳೆನೀರನ್ನೂ ಒಂದೆಡೆ ಕೂಡಿಟ್ಟು, ಉಪ್ಪು ಹಾಕಿ ಸಿಲ್ವರ್ ಕ್ಲೋರೈಡ್ ಆಗಿ ಇಳಿಸಿ, ಅಪಾಯಕಾರಿ ತ್ಯಾಜ್ಯವಾಗಿ ಒಪ್ಪಿಸಬೇಕು. ಜಲಚರಗಳಿಗೆ ಬೆಳ್ಳಿ ಅತ್ಯಲ್ಪ ಪ್ರಮಾಣದಲ್ಲೂ ವಿಷ, ಆದ್ದರಿಂದ ಚರಂಡಿಗೆ ಸುರಿಯುವಂತಿಲ್ಲ.

ಹಂತ 6: ಏನು ತಯಾರಾಯಿತು ಎಂದು ನೋಡುವುದು

ಎಲ್ಲಕ್ಕಿಂತ ಮುಖ್ಯವಾದ ಅಳತೆ ಬೆಳ್ಳಿಯ ಒಟ್ಟು ಪ್ರಮಾಣ. ತುಂಡಿನ ಮಧ್ಯದಿಂದಲೂ ನಾಲ್ಕು ಮೂಲೆಗಳಿಂದಲೂ ಮಾದರಿ ಕತ್ತರಿಸಿ, ನೈಟ್ರಿಕ್ ಆಮ್ಲದಲ್ಲಿ ಜೀರ್ಣಿಸಿ, ಐಸಿಪಿ (ಪ್ಲಾಸ್ಮಾ ಬಳಸಿ ಲೋಹದ ಪ್ರಮಾಣ ಅಳೆಯುವ ವಿಧಾನ) ಅಥವಾ ಪರಮಾಣು ಹೀರಿಕೆಯ ಉಪಕರಣದಲ್ಲಿ ಅಳೆಯಿರಿ. ಅಂಚುಗಳಲ್ಲಿ ಹೆಚ್ಚು, ನಡುವೆ ಕಡಿಮೆ ಬಂದರೆ ಒಣಗಿಸುವಾಗ ದ್ರಾವಣ ಅಂಚಿಗೆ ಹರಿದಿದೆ ಎಂದರ್ಥ. ಎಕ್ಸ್-ಕಿರಣ ವಿವರ್ತನೆಯಲ್ಲಿ, ತಾಮ್ರದ ಕಿರಣ ಬಳಸಿದಾಗ, ಸುಮಾರು 38.1, 44.3, 64.4 ಮತ್ತು 77.4 ಡಿಗ್ರಿಗಳಲ್ಲಿ ಶಿಖರಗಳು ಕಂಡರೆ ಲೋಹ ಬೆಳ್ಳಿ ಎಂದು ಖಚಿತ, 32.2 ಡಿಗ್ರಿಯ ಬಳಿ ಬಲವಾದ ಶಿಖರ ಕಂಡರೆ ಕ್ಲೋರೈಡ್ ಎಲ್ಲೋ ಒಳನುಸುಳಿದೆ. ಕಣಗಳ ಹಂಚಿಕೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಇಂಥ ಉಪಕರಣಗಳಿಲ್ಲದ ಕಾಲೇಜಿನವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದಂಥ ಕಡೆ ಶುಲ್ಕ ಕೊಟ್ಟು ಮಾದರಿಗಳನ್ನು ಪರೀಕ್ಷಿಸಿಕೊಳ್ಳಬಹುದು. ವೈದ್ಯಕೀಯ ಜವಳಿಯ ಪರೀಕ್ಷೆಗಳಿಗೆ ಕೊಯಮತ್ತೂರಿನ ಸಿಟ್ರಾ (ದಕ್ಷಿಣ ಭಾರತ ಜವಳಿ ಸಂಶೋಧನಾ ಸಂಘ) ಸಂಸ್ಥೆಯಿದೆ.

ಹಂತ 7: ಬಿಡುಗಡೆಯ ಪರೀಕ್ಷೆ

37 ಡಿಗ್ರಿಯಲ್ಲಿ ಮೂರು ಬೇರೆ ಬೇರೆ ದ್ರವಗಳಲ್ಲಿ ತುಂಡುಗಳನ್ನು ಇಡಿ: ಅಯಾನುಮುಕ್ತ ನೀರು, ಶೇ 0.9ರ ಲವಣಜಲ, ಮತ್ತು ಅರ್ಧಭಾಗ ಸೀರಮ್, ಅರ್ಧಭಾಗ ಪೆಪ್ಟೋನ್ ಲವಣಜಲ ಬೆರೆಸಿದ ಕೃತಕ ಗಾಯದ್ರವ. 1, 6, 24, 48 ಮತ್ತು 72 ಗಂಟೆಗಳಲ್ಲಿ ದ್ರವವನ್ನು ಪೂರ್ತಿ ತೆಗೆದು ಹೊಸದನ್ನು ಹಾಕಿ, ತೆಗೆದದ್ದರಲ್ಲಿ ಬೆಳ್ಳಿಯನ್ನು ಅಳೆಯಿರಿ. ಮೂರರ ಫಲಿತಾಂಶಗಳು ತೀರಾ ಬೇರೆಯಾಗಿ ಬರುತ್ತವೆ. ಲವಣಜಲದಲ್ಲಿ ಸಿಲ್ವರ್ ಕ್ಲೋರೈಡ್ ಉಂಟಾಗಿ ಬಟ್ಟೆಯ ಮೇಲೇ ಕೂರುತ್ತದೆ. ಸೀರಮ್ ಇರುವಲ್ಲಿ ಪ್ರೋಟೀನುಗಳು ಬೆಳ್ಳಿಯನ್ನು ಕಟ್ಟಿಕೊಂಡು ದ್ರವಕ್ಕೆ ಎಳೆಯುವುದರಿಂದ ಒಟ್ಟು ಬಿಡುಗಡೆ ಹೆಚ್ಚು ಕಂಡರೂ, ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡಬಲ್ಲ ಸ್ವತಂತ್ರ ಅಯಾನು ಕಡಿಮೆಯಿರುತ್ತದೆ. ಬರೀ ನೀರಿನಲ್ಲಿ ಅಳೆದ ಬಿಡುಗಡೆಯ ರೇಖೆಯನ್ನು ಗಾಯದ ವರ್ತನೆಯೆಂದು ತೋರಿಸುವ ಪ್ರಬಂಧಗಳನ್ನು ಅನುಮಾನದಿಂದಲೇ ಓದಬೇಕು.

ಕರಗಿದ ಬೆಳ್ಳಿಯನ್ನೂ ಉದುರಿದ ಕಣಗಳನ್ನೂ ಬೇರ್ಪಡಿಸಲು ದ್ರವದ ಒಂದು ಭಾಗವನ್ನು 3 ಕಿಲೋಡಾಲ್ಟನ್‌ನ ಅತಿಸೂಕ್ಷ್ಮ ಸೋಸುಪೊರೆಯ ಮೂಲಕ ಹಾಯಿಸಿ. ಸೋಸುವ ಮೊದಲಿನ ಅಳತೆಗೂ ಆಮೇಲಿನ ಅಳತೆಗೂ ದೊಡ್ಡ ಅಂತರವಿದ್ದರೆ ಒಂದೋ ಕಣಗಳು ಕಳಚುತ್ತಿವೆ, ಇಲ್ಲವೇ ಪ್ರೋಟೀನು ಬೆಳ್ಳಿಯನ್ನು ಹಿಡಿದಿದೆ. ಬರೀ ನೀರಿನಲ್ಲೂ ಅದೇ ಅಂತರ ಕಂಡರೆ ದೋಷ ಲೇಪದ್ದು, ಹಂತ 4ಕ್ಕೆ ಮರಳಬೇಕು. ಹೀರುವ ಸಾಮರ್ಥ್ಯದ ಪರೀಕ್ಷೆಯನ್ನೂ ಇಲ್ಲೇ ಮುಗಿಸಬಹುದು: ಯೂರೋಪಿನ 13726 ಮಾನಕವು ಹೇಳುವಂತೆ ಲೀಟರಿಗೆ 8.298 ಗ್ರಾಂ ಸೋಡಿಯಂ ಕ್ಲೋರೈಡ್, 0.368 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಇರುವ ದ್ರಾವಣವನ್ನು ತುಂಡಿನ ತೂಕದ 40 ಪಟ್ಟು ತೆಗೆದುಕೊಂಡು, 37 ಡಿಗ್ರಿಯಲ್ಲಿ 30 ನಿಮಿಷ ನೆನೆಸಿ, 30 ಸೆಕೆಂಡು ತೂಗುಹಾಕಿ ತೂಕ ನೋಡಿ. ಲೇಪವಿಲ್ಲದ ಬಟ್ಟೆಗಿಂತ ಹೀರಿಕೆ ಬಹಳ ಕುಸಿದಿದ್ದರೆ ಕೈಟೋಸಾನ್ ಪದರ ದಪ್ಪವಾಗಿದೆ.

ಹಂತ 8: ಬ್ಯಾಕ್ಟೀರಿಯಾ ವಿರುದ್ಧದ ಪರೀಕ್ಷೆ

ಅಗರ್ ತಟ್ಟೆಯ ಮೇಲೆ ಬಟ್ಟೆಯ ತುಂಡಿಟ್ಟು ಸುತ್ತಲಿನ ತಿಳಿವಲಯವನ್ನು ಅಳೆಯುವುದು ಸುಲಭ, ಚಿತ್ರವೂ ಚೆನ್ನಾಗಿ ಬರುತ್ತದೆ. ಆದರೆ ಅದು ಬೆಳ್ಳಿ ಅಗರಿನಲ್ಲಿ ಎಷ್ಟು ದೂರ ಹರಡಿತು ಎಂಬುದನ್ನು ಹೇಳುತ್ತದೆ; ಎಷ್ಟು ಬ್ಯಾಕ್ಟೀರಿಯಾ ಸತ್ತವು ಎಂಬುದನ್ನಲ್ಲ. ಎಣಿಕೆಯ ಪರೀಕ್ಷೆಯೇ ಬೇಕು.

ಬಟ್ಟೆಗಳ ಪ್ರತಿಬ್ಯಾಕ್ಟೀರಿಯಾ ಗುಣ ಅಳೆಯುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 20743ರ ಹೀರಿಕೆ ವಿಧಾನದಲ್ಲಿ 0.4 ಗ್ರಾಂ ಬಟ್ಟೆಯ ಮೇಲೆ, ಮಿಲಿಲೀಟರಿಗೆ 1ರಿಂದ 3 ಲಕ್ಷ ಜೀವಕೋಶಗಳಿರುವ 0.2 ಮಿಲಿಲೀಟರ್ ದ್ರವವನ್ನು ಹಾಕಿ, 37 ಡಿಗ್ರಿಯಲ್ಲಿ 18ರಿಂದ 24 ಗಂಟೆ ಇಟ್ಟು, 20 ಮಿಲಿಲೀಟರ್ ತಟಸ್ಥಕಾರಿ ದ್ರವದಲ್ಲಿ ಅಲುಗಿಸಿ ಹೊರತೆಗೆದು ಎಣಿಸಲಾಗುತ್ತದೆ. ಲೇಪವಿಲ್ಲದ ಬಟ್ಟೆಯೊಂದಿಗೆ ಹೋಲಿಸಿದ ಮೌಲ್ಯ ಲಾಗ್ 2ರಿಂದ 3ರ ನಡುವೆ ಬಂದರೆ ಗಣನೀಯ, 3 ಅಥವಾ ಹೆಚ್ಚು ಬಂದರೆ ಪ್ರಬಲ ಎಂದು ಪರಿಗಣನೆ. ಲಾಗ್ 3 ಎಂದರೆ ಸಾವಿರಕ್ಕೆ ಒಂದು ಉಳಿಯಿತು ಎಂದು. ಪ್ರಮಾಣಿತ ಬ್ಯಾಕ್ಟೀರಿಯಾ ತಳಿಗಳು ಚಂಡೀಗಢದ ಸೂಕ್ಷ್ಮಜೀವಿ ಸಂಗ್ರಹಾಲಯದಿಂದ ಸಿಗುತ್ತವೆ. ಇವು ರೋಗಕಾರಕಗಳಾದ್ದರಿಂದ ಎರಡನೆಯ ಹಂತದ ಜೈವಿಕ ಸುರಕ್ಷತೆಯ ಕೋಣೆ ಬೇಕು.

ಈ ಪರೀಕ್ಷೆಯ ಮರ್ಮ ತಟಸ್ಥಕಾರಿಯಲ್ಲಿದೆ. ಸಂಪರ್ಕಕಾಲ ಮುಗಿದ ಮೇಲೂ ದ್ರವದಲ್ಲಿ ಉಳಿದ ಬೆಳ್ಳಿ, ತಟ್ಟೆಯ ಮೇಲೆ ಹರಡಿದ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆದರೆ, ಬದುಕಿರುವವೂ ಸತ್ತಂತೆ ಎಣಿಕೆಗೆ ಸಿಗುವುದಿಲ್ಲ, ಫಲಿತಾಂಶ ಸುಳ್ಳಾಗಿ ಉಬ್ಬುತ್ತದೆ. ಬೆಳ್ಳಿಯನ್ನು ತಡೆಯಲು ಸೋಡಿಯಂ ಥಯೋಗ್ಲೈಕೊಲೇಟ್ ಇರುವ ದ್ರವ ಬೇಕು. ಲೆಸಿಥಿನ್ ಮತ್ತು ಪಾಲಿಸಾರ್ಬೇಟ್ ಮಾತ್ರ ಇರುವುದು ಸಾಲದೆ ಹೋಗಬಹುದು. ನಿಮ್ಮ ತಟಸ್ಥಕಾರಿ ಸಾಕೆಂದು ತೋರಿಸಲು, ಬೆಳ್ಳಿಯ ಬಟ್ಟೆಯನ್ನು ತಟಸ್ಥಕಾರಿಯಲ್ಲಿ ಅಲುಗಿಸಿ, ಆಮೇಲೆ ತಿಳಿದ ಸಂಖ್ಯೆಯ ಬ್ಯಾಕ್ಟೀರಿಯಾ ಸೇರಿಸಿ, ಎಲ್ಲವೂ ಬೆಳೆದು ಎಣಿಕೆಗೆ ಸಿಗುತ್ತವೆಯೇ ಎಂದು ಪರೀಕ್ಷಿಸಿ. ತಟಸ್ಥಕಾರಿಯೇ ಬ್ಯಾಕ್ಟೀರಿಯಾಕ್ಕೆ ವಿಷವಲ್ಲ ಎಂಬುದನ್ನೂ ಬೇರೆಯಾಗಿ ತೋರಿಸಿ. ಈ ಎರಡು ನಿಯಂತ್ರಣಗಳಿಲ್ಲದ ಶೇ 99.9ರ ಹೇಳಿಕೆಗೆ ನಾನು ಬೆಲೆ ಕೊಡುವುದಿಲ್ಲ.

ಅನಂತರ ಪರೀಕ್ಷೆಯನ್ನು ಕಠಿಣಗೊಳಿಸಿ: ಅದನ್ನೇ ಕೃತಕ ಗಾಯದ್ರವದಲ್ಲಿ ಮಾಡಿ, ಮೂರು ದಿನ ದ್ರವದಲ್ಲಿ ನೆನೆದ ತುಂಡಿನ ಮೇಲೂ ಮಾಡಿ, ಜೈವಿಕ ಪೊರೆಯಾಗಿ (ಬಯೋಫಿಲ್ಮ್, ಅಂದರೆ ಒಂದಕ್ಕೊಂದು ಅಂಟಿಕೊಂಡ ಬ್ಯಾಕ್ಟೀರಿಯಾಗಳ ಪದರ) ಬೆಳೆದ ಸ್ಯೂಡೊಮೊನಾಸ್ ಮೇಲೂ ಮಾಡಿ. ಕೈಟೋಸಾನ್ ಮಾತ್ರ ಇರುವ ಬಟ್ಟೆಯನ್ನೂ ಹೋಲಿಕೆಗೆ ಇಟ್ಟುಕೊಳ್ಳಿ, ಏಕೆಂದರೆ ಕೈಟೋಸಾನಿಗೆ ತನ್ನದೇ ಆದ ಪ್ರತಿಬ್ಯಾಕ್ಟೀರಿಯಾ ಗುಣವಿದೆ. ಬೆಳ್ಳಿಗೂ ನಿರೋಧಕತೆ ಬೆಳೆಯುತ್ತದೆ ಎಂಬುದನ್ನು ಮರೆಯಬಾರದು. 1975ರಲ್ಲೇ ಅಮೆರಿಕದ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿನಿಂದ ಬೆಳ್ಳಿಗೆ ಬಗ್ಗದ ಸಾಲ್ಮೊನೆಲ್ಲಾ ವರದಿಯಾಗಿತ್ತು. ಕಡಿಮೆ ಬೆಳ್ಳಿಯನ್ನು ಬಹಳ ದಿನ ಜಿನುಗಿಸುವ ವಿನ್ಯಾಸ ಇಂಥ ತಳಿಗಳಿಗೆ ಅವಕಾಶ ಕೊಡುತ್ತದೆ.

ಹಂತ 9: ಚರ್ಮದ ಜೀವಕೋಶಗಳಿಗೆ ಸುರಕ್ಷಿತವೇ

ಬ್ಯಾಕ್ಟೀರಿಯಾವನ್ನು ಕೊಲ್ಲುವ ಪ್ರಮಾಣಕ್ಕೂ ಚರ್ಮದ ಜೀವಕೋಶವನ್ನು ಕೊಲ್ಲುವ ಪ್ರಮಾಣಕ್ಕೂ ಇರುವ ಅಂತರ ಬೆಳ್ಳಿಯ ವಿಷಯದಲ್ಲಿ ಕಿರಿದು. ವೈದ್ಯಕೀಯ ಸಾಧನಗಳ ಜೈವಿಕ ಸುರಕ್ಷತೆಯ ಮಾನಕ ಐಎಸ್‌ಒ 10993ರ 12ನೆಯ ಭಾಗದಂತೆ ತುಂಡಿನಿಂದ 37 ಡಿಗ್ರಿಯಲ್ಲಿ 24 ಗಂಟೆ ಸಾರ ತೆಗೆದು, 5ನೆಯ ಭಾಗದಂತೆ ಇಲಿಯ ಎಲ್929 ಫೈಬ್ರೊಬ್ಲಾಸ್ಟ್ ಜೀವಕೋಶಗಳ ಮೇಲೆ ಪರೀಕ್ಷಿಸಿ. ಬದುಕುಳಿದವು ಶೇ 70ಕ್ಕಿಂತ ಕಡಿಮೆಯಾದರೆ ಅದು ಜೀವಕೋಶವಿಷ. ಮನುಷ್ಯ ಚರ್ಮದ ಕೆರಾಟಿನೊಸೈಟ್ ಜೀವಕೋಶಗಳ ಮೇಲೂ ಮಾಡುವುದು ಒಳ್ಳೆಯದು. ಸಾರದಲ್ಲಿ ತೇಲುವ ಬೆಳ್ಳಿಯ ಕಣಗಳು ಜೀವಂತ ಜೀವಕೋಶಗಳನ್ನು ಬಣ್ಣದಿಂದ ಅಳೆಯುವ ಎಂಟಿಟಿ ಪರೀಕ್ಷೆಯ ಓದಿಗೆ ಅಡ್ಡಬರುವುದರಿಂದ, ಜೀವಕೋಶಗಳಿಲ್ಲದ ಸಾರವನ್ನೂ ಓದಿ ಕಳೆಯಬೇಕು. ವಿಷವೆಂದು ಕಂಡುಬಂದರೆ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿ ಹಂತ 8ನ್ನು ಪುನಃ ಮಾಡಿ. ಎರಡೂ ಪರೀಕ್ಷೆಗಳಲ್ಲಿ ಒಟ್ಟಿಗೆ ತೇರ್ಗಡೆಯಾಗುವ ಪ್ರಮಾಣವೇ ನಿಮ್ಮ ಡ್ರೆಸ್ಸಿಂಗಿನ ನಿಜವಾದ ವಿವರಣೆ.

ಹಂತ 10: ಕ್ರಿಮಿಶುದ್ಧಿ, ಪೊಟ್ಟಣ, ಅನುಮತಿ

ಗಾಮಾ ಕಿರಣದ 25 ಕಿಲೋಗ್ರೇ ಪ್ರಮಾಣ ವೈದ್ಯಕೀಯ ವಸ್ತುಗಳಿಗೆ ರೂಢಿಯಲ್ಲಿದೆ, ಆದರೆ ಅದು ಕೈಟೋಸಾನಿನ ಸರಪಳಿಗಳನ್ನು ತುಂಡರಿಸುತ್ತದೆ. ಎಥಿಲೀನ್ ಆಕ್ಸೈಡಿನಲ್ಲಿ ಅನಿಲದ ಉಳಿಕೆಯನ್ನು ಅಳೆಯಬೇಕಾಗುತ್ತದೆ. ಯಾವುದನ್ನೇ ಆರಿಸಿದರೂ ಹಂತ 6ರಿಂದ 9ರವರೆಗಿನ ಅಳತೆಗಳನ್ನು ಕ್ರಿಮಿಶುದ್ಧಿಯಾದ ಮಾದರಿಯ ಮೇಲೆ ಮತ್ತೆ ಮಾಡಿ, ಆ ಫಲಿತಾಂಶವನ್ನೇ ವರದಿಗೆ ಸೇರಿಸಿ. ಪೊಟ್ಟಣವು ಬೆಳಕು ಹಾಯದಂತಿರಬೇಕು.

ಭಾರತದಲ್ಲಿ ಇಂಥ ಉತ್ಪನ್ನಗಳು 2017ರ ವೈದ್ಯಕೀಯ ಸಾಧನ ನಿಯಮಗಳ ಅಡಿ ಬರುತ್ತವೆ. ಕಡಿಮೆ ಅಪಾಯದ ಎ ಮತ್ತು ಬಿ ವರ್ಗದ ತಯಾರಿಕಾ ಪರವಾನಗಿ ರಾಜ್ಯ ಪ್ರಾಧಿಕಾರದಿಂದ, ಹೆಚ್ಚು ಅಪಾಯದ ಸಿ ಮತ್ತು ಡಿ ವರ್ಗದ್ದು ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯಿಂದ. ಕ್ರಿಯಾಶೀಲ ಲೋಹವನ್ನು ಗಾಯಕ್ಕೆ ಬಿಡುವ ಡ್ರೆಸ್ಸಿಂಗ್ ಸಾದಾ ಗಾಜ್ ಬಟ್ಟೆಯ ವರ್ಗದಲ್ಲೇ ಇರುತ್ತದೆಂದು ಊಹಿಸಿ ಮುಂದುವರಿಯದೆ, ವರ್ಗ ಯಾವುದೆಂದು ಆರಂಭದಲ್ಲೇ ಲಿಖಿತವಾಗಿ ಕೇಳಿಕೊಳ್ಳುವುದು ಉತ್ತಮ. ಪ್ರಾಣಿಪ್ರಯೋಗಕ್ಕೂ ಮನುಷ್ಯರ ಮೇಲಿನ ಪ್ರಯೋಗಕ್ಕೂ ಆಯಾ ನೈತಿಕ ಸಮಿತಿಗಳ ಒಪ್ಪಿಗೆ ಬೇಕು. ಕ್ಲಿನಿಕಲ್ ಪ್ರಯೋಗದ ವಿನ್ಯಾಸಕ್ಕೆ ಕೂರುವಾಗ, ಬ್ರಿಟನ್ನಿನಲ್ಲಿ ಕಾಲಿನ ರಕ್ತನಾಳದ ಹುಣ್ಣುಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ವಲ್ಕನ್ ಪ್ರಯೋಗವನ್ನು ಓದಿ. ಅದರಲ್ಲಿ ಬೆಳ್ಳಿಯ ಡ್ರೆಸ್ಸಿಂಗಿಗೂ ಬೆಳ್ಳಿಯಿಲ್ಲದ್ದಕ್ಕೂ ಗಾಯ ಮಾಯುವುದರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸೋಂಕಿಲ್ಲದ ಗಾಯಕ್ಕೆ ಬೆಳ್ಳಿಯಿಂದ ಲಾಭ ನಿರೀಕ್ಷಿಸಬಾರದು. 2012ರ ಅಂತರರಾಷ್ಟ್ರೀಯ ತಜ್ಞರ ಒಮ್ಮತವೂ ಮೊದಲು ಎರಡು ವಾರ ಬಳಸಿ, ಗಾಯವನ್ನು ಮತ್ತೆ ಪರಿಶೀಲಿಸಿ, ಆಮೇಲೆ ಮುಂದುವರಿಸುವುದೋ ಬಿಡುವುದೋ ನಿರ್ಧರಿಸಬೇಕೆಂದು ಸೂಚಿಸುತ್ತದೆ.

ಬಳಕೆಯ ಸೂಚನೆ ಬರೆಯುವಾಗ ಹಂತ 7ರ ಅಂಕಿಗಳನ್ನು ಎದುರಿಗಿಟ್ಟುಕೊಳ್ಳಿ. ವಾರ್ಡಿನಲ್ಲಿ ಪಟ್ಟಿಯನ್ನು ಒದ್ದೆ ಮಾಡಲು ಕೈಗೆ ಮೊದಲು ಸಿಗುವುದು ಲವಣಜಲದ ಬಾಟಲಿ. ನಿಮ್ಮ ಲೇಪ ಲವಣಜಲದಲ್ಲಿ ಬೆಳ್ಳಿಯನ್ನು ಬಿಡುವುದನ್ನು ನಿಲ್ಲಿಸುತ್ತದೆಂದು ಅಂಕಿಗಳು ತೋರಿಸಿದ್ದರೆ, ಕ್ರಿಮಿಶುದ್ಧ ನೀರಿನಿಂದ ಮಾತ್ರ ತೇವ ಮಾಡಬೇಕು ಎಂಬ ಸಾಲನ್ನು ಪೊಟ್ಟಣದ ಮುಖಭಾಗದಲ್ಲೇ, ದಪ್ಪಕ್ಷರದಲ್ಲಿ, ಕನ್ನಡದಲ್ಲೂ ಅಚ್ಚುಹಾಕಿಸಿ.